ಒಂದೇ ದಿಂಬಿನ ಕವರಿಗೆ ಎರಡು ತೂಕ

2008ರಲ್ಲಿ ದೆಹಲಿ ಪಕ್ಕದ ನೊಯ್ಡಾದಲ್ಲಿ ನಡೆದ ಜೋಡಿ ಕೊಲೆಯ ಮಾತು ಎಲ್ಲಿಂದ ಶುರುವಾದರೂ ಕೊನೆಗೆ ಬಂದು ನಿಲ್ಲುವುದು ಒಂದೇ ಕಡೆ. ದಂತವೈದ್ಯರಾದ ರಾಜೇಶ್ ಮತ್ತು ನೂಪುರ್ ತಲ್ವಾರ್ ದಂಪತಿಯನ್ನು ಅಲಹಾಬಾದ್ ಹೈಕೋರ್ಟ್ 2017ರ ಅಕ್ಟೋಬರ್ 12ರಂದು ಖುಲಾಸೆ ಮಾಡಿದ್ದು ಸರಿ ಎಂದು ನಾನು ಹೇಳುತ್ತೇನೆ. ಎದುರಿಗಿದ್ದವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಸರಿ, ಹಾಗಾದರೆ ಕೊಂದವರು ಯಾರು?" ಎಂದು ಕೇಳುತ್ತಾರೆ. ಗೊತ್ತಿಲ್ಲ ಎನ್ನುತ್ತೇನೆ. ಅದೇ ಗೊತ್ತಿಲ್ಲದ ಮೇಲೆ ಇವರು ಮಾಡಿಲ್ಲ ಎಂದು ಹೇಗೆ ಹೇಳುತ್ತೀರಿ ಎಂಬುದು ಮುಂದಿನ ಪ್ರಶ್ನೆ. ಅವರು ಮಾಡಿಲ್ಲವೆಂದು ನಾನು ಹೇಳಿರುವುದೇ ಇಲ್ಲ. ಮಾಡಿದ್ದಾರೆಂದು ಸಾಬೀತಾಗಿಲ್ಲ ಎಂದಷ್ಟೇ ಹೇಳಿರುತ್ತೇನೆ. ಈ ಎರಡರ ನಡುವಿನ ಅಂತರ ಕಾನೂನು ಓದಿದವರ ಹರಟೆಯಲ್ಲಿಯೂ ಬಹಳ ಹೊತ್ತು ಉಳಿಯುವುದಿಲ್ಲ. ಸತ್ತದ್ದು ಇನ್ನೇನು ಹದಿನಾಲ್ಕು ತುಂಬಲಿದ್ದ ಹುಡುಗಿ, ಆ ದಂಪತಿಯ ಮಗಳು ಆರುಷಿ, ಮತ್ತು ಹೊಟ್ಟೆಪಾಡಿಗೆ ನೇಪಾಳದಿಂದ ಬಂದು ಆ ಮನೆಯಲ್ಲಿ ದುಡಿಯುತ್ತಿದ್ದ ನಲವತ್ತೈದರ ಮನುಷ್ಯ ಹೇಮರಾಜ್. ಇಂಥ ಸಾವಿನ ಎದುರು "ಸಾಬೀತಾಗಿಲ್ಲ" ಎಂಬ ಮಾತು ತಣ್ಣಗೆ ಕೇಳಿಸುತ್ತದೆ, ಜಾರಿಕೊಳ್ಳುವವರ ಮಾತಿನಂತೆ ಕೇಳಿಸುತ್ತದೆ ಎಂಬುದು ನನಗೂ ಗೊತ್ತು. ಆದರೂ ಈ ಪ್ರಕರಣದ ಎರಡು ತೀರ್ಪುಗಳನ್ನು ಪಕ್ಕಪಕ್ಕದಲ್ಲಿಟ್ಟು ಓದಿದ ಮೇಲೆ, ನಾವು ಸಾಕ್ಷ್ಯವನ್ನು ತೂಗುವ ಬಗೆಯಲ್ಲಿಯೇ ಎಲ್ಲೋ ದೊಡ್ಡ ತೊಡಕಿದೆ ಎಂಬ ಯೋಚನೆ ನನ್ನನ್ನು ಬಿಟ್ಟಿಲ್ಲ.

ದೊಡ್ಡಮ್ಮನ ಲೆಕ್ಕ

2013ರ ನವೆಂಬರ್ 25ರ ಸಂಜೆ ನಾನು ದೊಡ್ಡಮ್ಮನ ಮನೆಯಲ್ಲಿದ್ದೆ. ಗಾಜಿಯಾಬಾದಿನ ಸಿಬಿಐ ವಿಶೇಷ ನ್ಯಾಯಾಲಯದ ನ್ಯಾಯಾಧೀಶ ಶ್ಯಾಮ್ ಲಾಲ್ ಅವರು ತಂದೆ ತಾಯಿಯನ್ನೇ ಅಪರಾಧಿಗಳೆಂದು ಘೋಷಿಸಿದ ಸುದ್ದಿ ಎಲ್ಲ ವಾಹಿನಿಗಳಲ್ಲಿಯೂ ಓಡುತ್ತಿತ್ತು. ಜೀವಾವಧಿ ಶಿಕ್ಷೆ ಪ್ರಕಟವಾದದ್ದು ಮರುದಿನ. ದೊಡ್ಡಮ್ಮ ಪಡಸಾಲೆಯಲ್ಲಿ ಮೊರ ಇಟ್ಟುಕೊಂಡು ಅವರೆಕಾಯಿ ಬಿಡಿಸುತ್ತಿದ್ದರು. ತಲೆ ಎತ್ತದೆಯೇ, "ಮನೆ ಒಳಗೆ ಇದ್ದೋರು ನಾಲ್ಕು ಜನ. ಇಬ್ಬರು ಹೋದರು. ಉಳಿದೋರು ಯಾರು ಅಂತ ಎಣಿಸೋಕೆ ಕೋರ್ಟು ಬೇಕೇನೋ?" ಎಂದರು. ಬಾಗಿಲು ಹೊರಗಿನಿಂದ ಚಿಲಕ ಹಾಕಿತ್ತಂತಲ್ಲ ದೊಡ್ಡಮ್ಮ ಎಂದೆ. "ಹಾಕಿತ್ತು ಅಂದೋರು ಯಾರು? ಅವರೇ ತಾನೆ?" ಎಂದವರು ಸಿಪ್ಪೆಯನ್ನು ಒಂದು ಕಡೆ ಒಟ್ಟುಗೂಡಿಸಿ ಒಳಗೆ ಎದ್ದು ಹೋದರು.

ಆ ಎರಡು ಮಾತುಗಳನ್ನು ನಾನು ಹಗುರವಾಗಿ ತೆಗೆದುಕೊಂಡಿಲ್ಲ. ಮುಂದೆ ಕೆಳ ನ್ಯಾಯಾಲಯದ ತೀರ್ಪನ್ನು ಓದಿದಾಗ, 39 ಮಂದಿ ಪ್ರಾಸಿಕ್ಯೂಷನ್ ಸಾಕ್ಷಿಗಳ ಹೇಳಿಕೆಗಳ ಅಡಿಯಲ್ಲಿದ್ದ ಬುನಾದಿ ಇದೇ ಲೆಕ್ಕ ಎಂಬುದು ಸ್ಪಷ್ಟವಾಯಿತು. ಕೊಲೆ ನಡೆದ ರಾತ್ರಿ ಒಂಬತ್ತೂವರೆಯ ಹೊತ್ತಿಗೆ ನಾಲ್ವರನ್ನೂ ಮನೆಯಲ್ಲಿ ನೋಡಿದ್ದಾಗಿ ಕಾರಿನ ಚಾಲಕ ಹೇಳಿದ. ಬೆಳಿಗ್ಗೆ ಆರರ ಹೊತ್ತಿಗೆ ಮನೆಗೆಲಸದಾಕೆ ಬಂದು ಗಂಟೆ ಒತ್ತಿದಾಗ ಬದುಕಿದ್ದವರು ಇಬ್ಬರೇ. ಬಲವಂತವಾಗಿ ಒಳನುಗ್ಗಿದ ಗುರುತಿಲ್ಲ. ಪಕ್ಕದ ಕೋಣೆಯಲ್ಲಿ ಮಗಳ ಕೊಲೆಯಾದರೂ ತಂದೆ ತಾಯಿಗೆ ಏನೂ ಕೇಳಿಸಲಿಲ್ಲವಂತೆ. ಸ್ಕಾಚ್ ಬಾಟಲಿಯ ಮೇಲೆ ಸತ್ತ ಇಬ್ಬರ ರಕ್ತವೂ ಇತ್ತು. ಹೇಮರಾಜನ ಶವ ತಾರಸಿಯ ಮೇಲೆ, ಕೂಲರಿನ ಹಲಗೆಯ ಕೆಳಗೆ ಮುಚ್ಚಿಟ್ಟ ಸ್ಥಿತಿಯಲ್ಲಿತ್ತು. ಇವು ಯಾವುವೂ ತಳ್ಳಿಹಾಕುವ ಸಂಗತಿಗಳಲ್ಲ, ಇವನ್ನು ಕಂಡು ಅನುಮಾನ ಪಡದವರನ್ನು ತನಿಖಾಧಿಕಾರಿ ಎಂದು ಕರೆಯಲಾಗದು. ನನ್ನ ತಕರಾರು ಅನುಮಾನದ ಬಗ್ಗೆ ಅಲ್ಲ. ಅನುಮಾನದಿಂದ ನಿರ್ಣಯಕ್ಕೆ ಹೋಗುವ ದಾರಿಯಲ್ಲಿ ಏನಾಯಿತು ಎಂಬುದರ ಬಗ್ಗೆ.

ಆ ದಾರಿಗೆ ಕಾನೂನಿನಲ್ಲಿ ಒಂದು ಆಸರೆಯೂ ಇದೆ. ಭಾರತೀಯ ಸಾಕ್ಷ್ಯ ಅಧಿನಿಯಮದ 106ನೇ ಕಲಮು, ಈಗಿನ ಹೊಸ ಕಾನೂನಿನಲ್ಲಿ 109, ಒಬ್ಬನಿಗೆ ಮಾತ್ರ ವಿಶೇಷವಾಗಿ ತಿಳಿದಿರಬಹುದಾದ ಸಂಗತಿಯನ್ನು ರುಜುವಾತು ಮಾಡುವ ಹೊಣೆ ಅವನದೇ ಎನ್ನುತ್ತದೆ. ಮುಚ್ಚಿದ ಬಾಗಿಲಿನ ಹಿಂದೆ ಕೊಲೆಯಾದರೆ ಒಳಗಿದ್ದವರು ಬಾಯಿ ಬಿಡಬೇಕು. ಈ ಕಲಮಿನ ಬಗ್ಗೆ ನನಗೆ ಗೌರವವಿದೆ. ನಡುರಾತ್ರಿ ಅಡುಗೆಮನೆಯಲ್ಲಿ ಸುಟ್ಟು ಸತ್ತ ಎಷ್ಟೋ ಸೊಸೆಯಂದಿರ ಪ್ರಕರಣಗಳಲ್ಲಿ ನೋಡಿದವರು ಯಾರೂ ಇರುವುದಿಲ್ಲ; ಇದ್ದವರೆಲ್ಲ ಗಂಡನ ಕಡೆಯವರು. ತ್ರಿಮುಖ್ ಮಾರೋತಿ ಕಿರ್ಕನ್ ಪ್ರಕರಣದಲ್ಲಿ 2006ರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಮನಗಂಡು, ಮನೆಯ ಗುಟ್ಟಿನಲ್ಲಿ ನಡೆದ ಕೊಲೆಗೆ ಹೊರಗಿನವರ ಸಾಕ್ಷ್ಯವನ್ನು ಅದೇ ಪ್ರಮಾಣದಲ್ಲಿ ಕೇಳಲಾಗದು, ಒಳಗಿದ್ದವರು ಸುಮ್ಮನಿದ್ದು ಪಾರಾಗಲಾಗದು ಎಂದಿತು. ಆದರೆ 1956ರಷ್ಟು ಹಿಂದೆಯೇ, ಶಂಭುನಾಥ್ ಮೆಹ್ರಾ ಪ್ರಕರಣದಲ್ಲಿ, ಅದೇ ನ್ಯಾಯಾಲಯ ಈ ಕಲಮಿಗೆ ಒಂದು ಗೆರೆಯನ್ನೂ ಹಾಕಿಟ್ಟಿದೆ: ಅಪರಾಧವನ್ನು ಸಾಬೀತುಪಡಿಸುವ ಮೂಲ ಹೊಣೆ ಪ್ರಾಸಿಕ್ಯೂಷನ್ನಿನದೇ, ಈ ಕಲಮನ್ನು ತೋರಿಸಿ ಅದನ್ನು ಆರೋಪಿಯ ಹೆಗಲಿಗೆ ದಾಟಿಸುವಂತಿಲ್ಲ. ಒಳಗಿದ್ದವರು ಇವರಿಬ್ಬರೇ, ಮತ್ತಾರೂ ಬಂದಿರಲು ಸಾಧ್ಯವೇ ಇಲ್ಲ ಎಂಬುದು ಮೊದಲು ಸಾಬೀತಾಗಬೇಕು. ಆಮೇಲೆ ಅವರ ಮೌನಕ್ಕೆ, ಅವರ ವಿವರಣೆಗೆ ಬೆಲೆ ಕಟ್ಟಬಹುದು. ದೊಡ್ಡಮ್ಮನ ಲೆಕ್ಕದಲ್ಲಿ "ನಾಲ್ಕು ಜನ" ಎಂಬುದು ಕೊಟ್ಟಿರುವ ಸಂಖ್ಯೆ. ನ್ಯಾಯಾಲಯಕ್ಕೆ ಅದು ಕಂಡುಹಿಡಿಯಬೇಕಾದ ಸಂಖ್ಯೆ. ಹೈಕೋರ್ಟಿನ ನ್ಯಾಯಮೂರ್ತಿ ಅರವಿಂದ್ ಕುಮಾರ್ ಮಿಶ್ರಾ ಅವರು ಪ್ರತ್ಯೇಕವಾಗಿ ಬರೆದ ಟಿಪ್ಪಣಿಯಲ್ಲಿ, ಕೆಳ ನ್ಯಾಯಾಧೀಶರು ಕೆಲವು ಅಂಕಿಗಳನ್ನು ಮೊದಲೇ ಹಿಡಿದುಕೊಂಡು ಲೆಕ್ಕ ಬಿಡಿಸುವ ಗಣಿತದ ಮೇಷ್ಟರಂತೆ ನಡೆದುಕೊಂಡರು ಎಂದದ್ದನ್ನು ಓದಿದಾಗ ನನಗೆ ನೆನಪಾದದ್ದು ಆ ಪಡಸಾಲೆಯೇ.

ನೋಡಿದೆ ಸ್ವಾಮಿ

ಸಾಕ್ಷ್ಯ ಎಂದರೇನು ಎಂಬುದನ್ನು ನಾನು ಕಲಿತದ್ದು ಪುಸ್ತಕದಿಂದಲ್ಲ, ಚಿಕ್ಕಪ್ಪನಿಂದ. ಅವರು ಜಿಲ್ಲಾ ಕೇಂದ್ರವೊಂದರಲ್ಲಿ ಕ್ರಿಮಿನಲ್ ವಕೀಲರು. ಕಾಲೇಜಿಗೆ ರಜೆ ಇದ್ದಾಗ ಅವರ ಸ್ಕೂಟರಿನ ಹಿಂದೆ ಕೂತು ಸೆಷನ್ಸ್ ಕೋರ್ಟಿಗೆ ಹೋಗುವುದು ನನಗೊಂದು ಅಭ್ಯಾಸವಾಗಿತ್ತು. ಒಮ್ಮೆ ಜಮೀನಿನ ಜಗಳದಲ್ಲಿ ನಡೆದ ಕೊಲೆಯೊಂದರ ವಿಚಾರಣೆ. ಆರೋಪಿ ತೋರಿಸಿದ ಜಾಗದಿಂದ ಮಚ್ಚನ್ನು ವಶಪಡಿಸಿಕೊಂಡ ಮಹಜರಿಗೆ ಪಂಚನಾಗಿ ಸಹಿ ಹಾಕಿದ್ದ ಟೀ ಅಂಗಡಿಯವರೊಬ್ಬರು ಕಟಕಟೆಯಲ್ಲಿ ನಿಂತಿದ್ದರು. ಮುಖ್ಯ ವಿಚಾರಣೆಯಲ್ಲಿ ಅವರು ಎಲ್ಲವನ್ನೂ ಸರಿಯಾಗಿಯೇ ಹೇಳಿದರು. ಮಚ್ಚನ್ನು ಗುರುತಿಸಿದರು, ಸಹಿಯನ್ನು ಗುರುತಿಸಿದರು. ಪಾಟೀ ಸವಾಲಿಗೆ ಎದ್ದ ಚಿಕ್ಕಪ್ಪ ದನಿ ಏರಿಸಲಿಲ್ಲ, ಮಚ್ಚನ್ನು ನೋಡಿದಿರಾ ಎಂದು ಮತ್ತೆ ಕೇಳಿದರು. "ನೋಡಿದೆ ಸ್ವಾಮಿ." ಸಹಿ ಎಲ್ಲಿ ಹಾಕಿದಿರಿ? "ಸ್ಟೇಷನ್ನಿನಲ್ಲಿ." ಮಚ್ಚು ಸಿಕ್ಕಿದ್ದು ಕೆರೆ ಏರಿಯ ಲಂಟಾನದ ಪೊದೆಯಲ್ಲಿ ಎಂದು ಮಹಜರಿನಲ್ಲಿದೆಯಲ್ಲ, ಏರಿಗೆ ಎಷ್ಟು ಹೊತ್ತಿಗೆ ಹೋದಿರಿ? ಆ ಮನುಷ್ಯ ಸ್ವಲ್ಪ ಗಲಿಬಿಲಿಗೊಂಡು ನ್ಯಾಯಾಧೀಶರ ಕಡೆ ನೋಡಿ, "ಏರಿಗೆ ನಾನು ಹೋಗಿಲ್ಲ ಸ್ವಾಮಿ. ಸ್ಟೇಷನ್ನಿನ ಟೇಬಲ್ ಮೇಲೆ ಇಟ್ಟಿದ್ದರು, ಅಲ್ಲಿ ನೋಡಿದೆ" ಎಂದರು.

ವಾಪಸು ಬರುವಾಗ ಆ ಸಾಕ್ಷಿ ಸುಳ್ಳುಗಾರ ಎಂದು ನಾನು ಅಂದದ್ದಕ್ಕೆ ಚಿಕ್ಕಪ್ಪ ಸ್ಕೂಟರಿನ ವೇಗ ತಗ್ಗಿಸಿ ಹೇಳಿದರು: "ಅವರು ಸುಳ್ಳು ಹೇಳಿಲ್ಲ. ನೋಡಿದೆ ಅಂದದ್ದು ನಿಜ. ಎಲ್ಲಿ ನೋಡಿದಿರಿ ಅಂತ ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ, ಅಷ್ಟೆ." ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆಯನ್ನು ಬಾಲ್ಯದಿಂದ ಕೇಳಿದ್ದ ನನಗೆ, ಪ್ರಮಾಣಿಸುವುದು ಎಂದರೆ ಯಾವ ಕೆಲಸ ಎಂಬುದು ಕಣ್ಣಿಗೆ ಕಂಡದ್ದು ಅಂದು. ಸಾಕ್ಷಿಯ ಪ್ರಾಮಾಣಿಕತೆಯನ್ನು ಅಳೆಯುವುದು ಅದರ ಒಂದು ಪಾಲು ಮಾತ್ರ. ಆತ ಹೇಳಿದ ವಾಕ್ಯ ಎಲ್ಲಿ ಹುಟ್ಟಿತು, ಯಾರ ಕೈ ದಾಟಿ ಬಂತು, ಕಟಕಟೆಗೆ ಬರುವ ಮೊದಲು ಅದು ಯಾವ ರೂಪದಲ್ಲಿತ್ತು ಎಂದು ಹಿಂದೆ ಹಿಂದೆ ನಡೆದು ನೋಡುವುದು ಮಿಕ್ಕ ಪಾಲು.

ಚಿಲಕ

ತಲ್ವಾರ್ ಪ್ರಕರಣದಲ್ಲಿ ಹಾಗೆ ಹಿಂದಕ್ಕೆ ನಡೆದರೆ ನಾವು ತಲುಪುವುದು ಜಲವಾಯು ವಿಹಾರದ ಎಲ್-32ನೇ ಫ್ಲ್ಯಾಟಿನ ಬಾಗಿಲಿಗೆ. ಹೊರಗೆ ಮೊದಲು ಕಬ್ಬಿಣದ ಗ್ರಿಲ್ ಬಾಗಿಲು. ಅದನ್ನು ದಾಟಿದರೆ ಸಣ್ಣ ಓಣಿ. ಓಣಿಯ ಕೊನೆಯಲ್ಲಿ ಜಾಲರಿಯ ಬಾಗಿಲು ಮತ್ತು ಅದಕ್ಕೆ ಅಂಟಿಕೊಂಡಂತೆ ಮರದ ಬಾಗಿಲು. ಹೇಮರಾಜನ ಕೋಣೆಗೆ ಎರಡು ಬಾಗಿಲು, ಒಂದು ಮನೆಯೊಳಕ್ಕೆ, ಇನ್ನೊಂದು ಆ ಓಣಿಗೆ. ಬೆಳಿಗ್ಗೆ ಮನೆಗೆಲಸದಾಕೆ ಬಂದಾಗ ನೂಪುರ್ ಮರದ ಬಾಗಿಲು ತೆರೆದು ಜಾಲರಿಯ ಹಿಂದಿನಿಂದ ಮಾತಾಡಿದರು, ಹೇಮರಾಜ್ ಹಾಲಿಗೆ ಹೋಗುವಾಗ ಹೊರಗಿನಿಂದ ಹಾಕಿಕೊಂಡು ಹೋಗಿರಬೇಕು ಎಂದು ಬಾಲ್ಕನಿಯಿಂದ ಬೀಗದ ಕೈ ಎಸೆದರು, ಆಕೆ ಮೇಲೆ ಬಂದು ನೋಡಿದರೆ ಜಾಲರಿ ಬಾಗಿಲಿಗೆ ಹೊರಗಿನಿಂದ ಬರೀ ಚಿಲಕ ಹಾಕಿತ್ತು.

ಹೊರಗಿನ ಗ್ರಿಲ್ ಬಾಗಿಲು ಆ ಹೊತ್ತಿಗೆ ತೆರೆದಿತ್ತೇ, ಒಳಗಿನಿಂದ ಭದ್ರವಾಗಿತ್ತೇ ಎಂಬ ಒಂದೇ ಅಂಶದ ಮೇಲೆ ಇಡೀ ಪ್ರಕರಣ ನಿಂತಿತ್ತೆಂದು ನನ್ನ ಭಾವನೆ. ಅದು ತೆರೆದಿದ್ದರೆ, ಯಾರೋ ಹೊರಗಿನವರು ರಾತ್ರಿ ಜಾಲರಿ ಬಾಗಿಲ ಚಿಲಕ ಹಾಕಿ ಹೊರಟುಹೋಗಿರಬಹುದು. ಅದು ಒಳಗಿನಿಂದ ಹಾಕಿತ್ತೆಂದಾದರೆ, ಮನೆಯವರೇ ಹೇಮರಾಜನ ಕೋಣೆಯ ಮೂಲಕ ಓಣಿಗೆ ಬಂದು ನಾಟಕವಾಡಿದರೆಂಬ ಸಿಬಿಐ ವಾದಕ್ಕೆ ಬಲ ಬರುತ್ತದೆ. ನ್ಯಾಯಾಲಯದಲ್ಲಿ ಮನೆಗೆಲಸದಾಕೆ ತಾನು ಹೊರಗಿನ ಬಾಗಿಲನ್ನು ಮುಟ್ಟಿ ನೋಡಿದೆ, ಅದು ತೆರೆಯಲಿಲ್ಲ ಎಂದರು. ತನಿಖೆಯ ಕಾಲದ ಹೇಳಿಕೆಯಲ್ಲಿ ಆ ಮಾತು ಇರಲಿಲ್ಲ. ಅಷ್ಟೇ ಅಲ್ಲ, ತನಗೆ ಏನನ್ನು ತಿಳಿಸಿಕೊಡಲಾಗಿದೆಯೋ ಅದನ್ನೇ ಇಲ್ಲಿ ಹೇಳುತ್ತಿದ್ದೇನೆ ಎಂಬರ್ಥದ ಮಾತನ್ನೂ ಆಕೆ ಅದೇ ಕಟಕಟೆಯಲ್ಲಿ ಹೇಳಿದ್ದು ದಾಖಲೆಯಲ್ಲಿದೆ. ಕೆಳ ನ್ಯಾಯಾಲಯ ಅದನ್ನು ಓದಿನ ಗಂಧವಿಲ್ಲದ ಹೆಂಗಸಿನ ಮುಗ್ಧ ಮಾತೆಂದು ದಾಟಿಹೋಯಿತು. ಹೈಕೋರ್ಟ್ ಅಲ್ಲಿಯೇ ನಿಂತಿತು. ಆ ಬಡ ಹೆಂಗಸನ್ನು ನಾನು ದೂರುವುದಿಲ್ಲ. ಸ್ಟೇಷನ್ನಿನ ಟೇಬಲ್ಲಿನ ಮುಂದೆ ನಿಂತಿದ್ದ ಟೀ ಅಂಗಡಿಯವರಂತೆ ಆಕೆಯೂ ಕೇಳಿದ್ದಕ್ಕೆ ಉತ್ತರ ಕೊಟ್ಟರು.

ಕೆಳ ನ್ಯಾಯಾಲಯ ದಂಪತಿಯ ವಿರುದ್ಧ 26 ಸಂದರ್ಭಗಳನ್ನು ಪಟ್ಟಿ ಮಾಡಿತ್ತು. ಸಂಖ್ಯೆ ಕೇಳಿದರೆ ಯಾರೂ ಬೆಚ್ಚುತ್ತಾರೆ. ಇಪ್ಪತ್ತಾರು ಕಾರಣಗಳಿದ್ದ ಮೇಲೆ ಒಂದೆರಡು ಸಡಿಲವಾದರೇನು ಎನಿಸುತ್ತದೆ. ಆದರೆ ಸಾಂದರ್ಭಿಕ ಸಾಕ್ಷ್ಯದಲ್ಲಿ ಎಣಿಕೆ ಹೆಚ್ಚಿದಷ್ಟೂ ತೂಕ ಹೆಚ್ಚಬೇಕಾದರೆ ಅವು ಒಂದನ್ನೊಂದು ಅವಲಂಬಿಸಿರಬಾರದು. ಇಲ್ಲಿನ ಬಹಳಷ್ಟು ಸಂದರ್ಭಗಳಿಗೆ ಅರ್ಥ ಬರುವುದೇ ಹೊರಗಿನವರು ಬರಲು ಸಾಧ್ಯವಿರಲಿಲ್ಲ ಎಂದು ಒಪ್ಪಿದ ಮೇಲೆ. ಹೊರಗಿನವರು ಬಂದಿರಬಹುದು ಎಂದಾದರೆ, ತಂದೆ ತಾಯಿಗೆ ಸದ್ದು ಕೇಳದ್ದು, ಮಗಳ ಕೋಣೆಯ ಬಾಗಿಲು ತೆರೆದಿದ್ದು, ಸ್ಕಾಚ್ ಬಾಟಲಿ, ರಾತ್ರಿಯಲ್ಲಿ ಇಂಟರ್‌ನೆಟ್ ರೂಟರ್ ಆರಿ ಹೊತ್ತಿದ್ದು, ಎಲ್ಲಕ್ಕೂ ಬೇರೆ ಬೇರೆ ವಿವರಣೆಗಳು ಸಾಧ್ಯ. ಒಂದೇ ಗೂಟಕ್ಕೆ ಕಟ್ಟಿದ ಇಪ್ಪತ್ತಾರು ಹಸುಗಳಿದ್ದ ಹಾಗೆ. ಗೂಟ ಕಿತ್ತು ಬಂದರೆ ಎಷ್ಟು ಹಸುಗಳಿದ್ದವೆಂಬುದು ಲೆಕ್ಕಕ್ಕೆ ಬರುವುದಿಲ್ಲ. 1984ರಲ್ಲಿ ಶರದ್ ಬಿರ್ಧಿಚಂದ್ ಸಾರ್ಡಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸಾಂದರ್ಭಿಕ ಸಾಕ್ಷ್ಯಕ್ಕೆ ಐದು ಸೂತ್ರಗಳನ್ನು ಹಾಕಿಕೊಟ್ಟಾಗ ಮೊದಲನೆಯದಾಗಿ ಇಟ್ಟದ್ದೇ ಇದನ್ನು: ಯಾವ ಸಂದರ್ಭಗಳಿಂದ ಅಪರಾಧವನ್ನು ಊಹಿಸಬೇಕೋ ಆ ಸಂದರ್ಭಗಳು ಮೊದಲು ತಾವೇ ಪೂರ್ತಿಯಾಗಿ ಸಾಬೀತಾಗಿರಬೇಕು. ಕಥೆಗೆ ಚೆನ್ನಾಗಿ ಹೊಂದಿಕೊಳ್ಳುತ್ತದೆ ಎಂಬ ಕಾರಣಕ್ಕೆ ಒಂದು ಸಂಗತಿ ಸಾಬೀತಾಗಿಬಿಡುವುದಿಲ್ಲ.

ರೂಟರಿನ ವಿಷಯದಲ್ಲಿ ಇದು ಎಷ್ಟು ನಿಚ್ಚಳವಾಗಿ ಕಾಣುತ್ತದೆಂದರೆ, ಅದು ತಾನಾಗಿ ಆರಿ ಹೊತ್ತುವುದು ಮರುದಿನ ಹಗಲು, ಮನೆ ತುಂಬ ಪೊಲೀಸರಿದ್ದಾಗಲೂ ನಡೆದಿತ್ತು. ರಾತ್ರಿಯ ಚಟುವಟಿಕೆ ಮಾತ್ರ ಕೊಲೆಗಾರರು ಎಚ್ಚರವಿದ್ದರೆಂಬುದಕ್ಕೆ ಗುರುತಾಯಿತು. ಹಗಲಿನದು ಯಾರ ಕಣ್ಣಿಗೂ ಬೀಳಲಿಲ್ಲ.

ನೇರಳೆ ಬಣ್ಣದ ಕವರು

ಇನ್ನು ದಿಂಬಿನ ಕವರಿನ ವಿಷಯ. ಈ ಪ್ರಕರಣದಲ್ಲಿ ನನ್ನನ್ನು ಅತಿ ಹೆಚ್ಚು ಯೋಚಿಸುವಂತೆ ಮಾಡಿದ ವಸ್ತು ಇದು.

ಸಿಬಿಐನ ಮೊದಲ ತಂಡ 2008ರಲ್ಲಿ ತಲ್ವಾರರ ಕ್ಲಿನಿಕ್ಕಿನ ಕಂಪೌಂಡರ್ ಮತ್ತು ತಲ್ವಾರರ ಪರಿಚಿತರ, ನೆರೆಯವರ ಮನೆಗಳಲ್ಲಿ ಕೆಲಸಕ್ಕಿದ್ದ ಇನ್ನಿಬ್ಬರನ್ನು ಬಂಧಿಸಿತ್ತು. ಕಂಪೌಂಡರ್ ಕೋಣೆಯಿಂದ ಒಂದು ನೇರಳೆ ಬಣ್ಣದ ದಿಂಬಿನ ಕವರನ್ನು ವಶಪಡಿಸಿಕೊಂಡು ಹೈದರಾಬಾದಿನ ಡಿಎನ್ಎ ಪ್ರಯೋಗಾಲಯಕ್ಕೆ ಕಳುಹಿಸಲಾಯಿತು. 2008ರ ನವೆಂಬರಿನ ವರದಿಯ ಪ್ರಕಾರ ಆ ಕವರಿನ ಮೇಲೆ ಹೇಮರಾಜನ ಡಿಎನ್ಎ ಇತ್ತು. ಆ ಸಾಲು ಯಾರ ಗಮನಕ್ಕೂ ಬಾರದಂತೆ ವರದಿಯೊಳಗೆ ಉಳಿದುಹೋಯಿತು. 2010ರ ಡಿಸೆಂಬರ್ 29ರಂದು ಸಿಬಿಐ ಸಾಕಷ್ಟು ಸಾಕ್ಷ್ಯವಿಲ್ಲವೆಂದು ಮುಕ್ತಾಯ ವರದಿ ಸಲ್ಲಿಸಿತು. ಮ್ಯಾಜಿಸ್ಟ್ರೇಟರು 2011ರ ಫೆಬ್ರವರಿಯಲ್ಲಿ ಅದನ್ನು ತಿರಸ್ಕರಿಸಿ ಅದರ ಆಧಾರದಲ್ಲಿಯೇ ದಂಪತಿಗೆ ಸಮನ್ಸ್ ಕಳುಹಿಸಿದರು. ದಾಖಲೆಗಳು ಕೈಗೆ ಬಂದ ಮೇಲೆ ದಂಪತಿಯ ವಕೀಲರು ಆ ಸಾಲನ್ನು ಹೆಕ್ಕಿ ನ್ಯಾಯಾಲಯದ ಮುಂದಿಟ್ಟರು. ಅದು ಟೈಪಿಂಗ್ ದೋಷ ಎಂದು ಸಿಬಿಐ ಹೇಳಿತು. ಹೇಮರಾಜನ ಸ್ವಂತ ಕೋಣೆಯ ದಿಂಬಿನ ವಿವರವೂ ಈ ಕವರಿನ ವಿವರವೂ ಅದಲು ಬದಲಾಗಿವೆ ಎಂಬ ಪತ್ರ 2011ರ ಮಾರ್ಚಿನಲ್ಲಿ ಪ್ರಯೋಗಾಲಯದಿಂದ ಬಂತು. ಎರಡು ವರ್ಷಕ್ಕೂ ಹೆಚ್ಚು ಕಾಲ ಯಾರಿಗೂ ಕಾಣದ ದೋಷ, ಅದು ಆರೋಪಿಗಳಿಗೆ ಅನುಕೂಲವಾದ ಗಳಿಗೆಯಲ್ಲಿ ಕಾಣಿಸಿತು. ಹೈಕೋರ್ಟ್ ಆ ವಿವರಣೆಯನ್ನು ಒಪ್ಪಲಿಲ್ಲ. ಹೇಮರಾಜನ ರಕ್ತವಿದ್ದ ದಿಂಬು ಮಗಳ ಕೋಣೆಯಲ್ಲಿ ಸಿಕ್ಕಿತೆಂಬ ಸಿಬಿಐನ ಇನ್ನೊಂದು ವಾದ ಬಿದ್ದದ್ದು ಇದಕ್ಕಿಂತ ಸರಳವಾಗಿ: ಮೊಹರು ಒಡೆದು ಆ ದಿಂಬಿಗೆ ಕಟ್ಟಿದ್ದ ಚೀಟಿಯನ್ನು ಓದಿದಾಗ ಅದರಲ್ಲಿದ್ದದ್ದು ಕೆಲಸದವನ ಕೋಣೆಯ ಹೆಸರು. ಹೇಮರಾಜ್ ಆ ಹುಡುಗಿಯ ಕೋಣೆಯಲ್ಲಿ ಸತ್ತನೆಂಬುದಕ್ಕೆ ಅಲ್ಲಿ ಅವನ ಒಂದು ಹನಿ ರಕ್ತವೂ ದಾಖಲಾಗಿರಲಿಲ್ಲ. ತಂದೆಯ ಬಟ್ಟೆಯ ಮೇಲೆ ಮಗಳ ರಕ್ತವಿತ್ತು, ಹೇಮರಾಜನದು ಇರಲಿಲ್ಲ.

ಇಲ್ಲಿಯವರೆಗೆ ಬಂದವರು ಸಾಮಾನ್ಯವಾಗಿ ಇನ್ನೊಂದು ಹೆಜ್ಜೆ ಇಟ್ಟುಬಿಡುತ್ತಾರೆ: ಹಾಗಾದರೆ ಮಾಡಿದ್ದು ಕಂಪೌಂಡರೇ. ತಲ್ವಾರರ ಪರ ನಿಂತ ನನ್ನ ಸ್ನೇಹಿತರಲ್ಲಿ ಹಲವರು ಹೀಗೆಯೇ ಹೇಳುತ್ತಾರೆ, ಮತ್ತು ಅವರೊಂದಿಗೆ ನನಗೆ ಜಗಳವಾಗುವುದು ಇಲ್ಲಿ. ಆ ಮೂವರ ಮೇಲೆ ಎಂದೂ ದೋಷಾರೋಪ ಪಟ್ಟಿ ಸಲ್ಲಿಕೆಯಾಗಲಿಲ್ಲ. ಅವರು ಬಿಡುಗಡೆಯಾದರು. ಅವರಿಗೆ ಪಾಟೀ ಸವಾಲು ಮಾಡುವ ವಕೀಲರಿರಲಿಲ್ಲ, ತಮ್ಮ ಪರ ಸಾಕ್ಷಿ ಕರೆಯುವ ಅವಕಾಶ ಇರಲಿಲ್ಲ. ಆ ಕವರಿನ ಮೇಲಿನ ಡಿಎನ್ಎ ನಿಜವೆಂದೇ ಇಟ್ಟುಕೊಳ್ಳೋಣ. ತಂದೆ ತಾಯಿಯ ವಿರುದ್ಧದ ಪ್ರಕರಣದಲ್ಲಿ ಅದು ಬಹಳ ದೊಡ್ಡ ತೂಕದ ವಸ್ತು, ಏಕೆಂದರೆ ಹೊರಗಿನವರು ಬಂದಿರಬಹುದಾದ ಸಾಧ್ಯತೆಯನ್ನು ಅದು ಜೀವಂತವಾಗಿಡುತ್ತದೆ. ಅಲ್ಲಿ ಬೇಕಾದದ್ದು ಅಷ್ಟೇ. ಕಂಪೌಂಡರ್ ವಿರುದ್ಧ ಒಂದು ಪ್ರಕರಣ ನಡೆದಿದ್ದರೆ, ಅದೇ ವಸ್ತು, ಅದೇ ಗೊಂದಲದ ವರದಿ, ಅದೇ ಅದಲು ಬದಲಿನ ಪತ್ರ ಅವನ ಪರವಾದ ಸಂಶಯವಾಗಿ ನಿಲ್ಲುತ್ತಿದ್ದವು. ಬಿಡಿಸಲು ಸಾಕಾದದ್ದು ಶಿಕ್ಷಿಸಲು ಸಾಲದು. ಒಂದೇ ಬಟ್ಟೆಯ ತುಂಡಿಗೆ ಎರಡು ತೂಕ ಹೇಗೆ ಬರುತ್ತದೆ ಎಂದು ಕೇಳುವವರಿಗೆ ನನ್ನ ಉತ್ತರ ಇಷ್ಟೆ: ಸಾಕ್ಷ್ಯಕ್ಕೆ ಸ್ವಂತ ತೂಕ ಇರುವುದಿಲ್ಲ, ಯಾರ ಮೇಲಿನ ಯಾವ ಆರೋಪಕ್ಕೆ ಎದುರಾಗಿ ಅದನ್ನು ಇಟ್ಟಿದ್ದೀರಿ, ರುಜುವಾತಿನ ಹೊಣೆ ಯಾರದು ಎಂಬುದನ್ನು ನೋಡಿ ಅದರ ತೂಕ ನಿಲ್ಲುತ್ತದೆ. ಕೊಲೆಗಾರ ಇಂಥವನು ಎಂದು ಬೆರಳಿಟ್ಟು ತೋರಿಸದೆ ಮನಸ್ಸಿಗೆ ನೆಮ್ಮದಿ ಸಿಗದವರಿಗೆ ಈ ಮಾತು ಹಿಡಿಸುವುದಿಲ್ಲ. ಅವರು ತಕ್ಕಡಿಯಿಂದ ಇಬ್ಬರನ್ನು ಇಳಿಸಿದ ಕೂಡಲೇ ಮತ್ತೊಬ್ಬನನ್ನು ಹತ್ತಿಸಬೇಕು. ಈ ದೇಶದಲ್ಲಿ ಹಾಗೆ ಹತ್ತಿಸಲು ಸುಲಭವಾಗಿ ಸಿಗುವವನು ಯಾವಾಗಲೂ ಮನೆಗೆಲಸದವನೇ.

ಮಡಿವಾಳದ ಕೋಣೆ

ಆ ಮೂವರನ್ನು ನಂಬದಿರುವುದಕ್ಕೆ ಜನ ಕೊಡುವ ಕಾರಣ ಮಂಪರು ಪರೀಕ್ಷೆ. ಕಂಪೌಂಡರನಿಗೆ ಆ ಪರೀಕ್ಷೆ ನಡೆದದ್ದು ನಮ್ಮ ಬೆಂಗಳೂರಿನಲ್ಲಿ. ಆ ವರ್ಷಗಳಲ್ಲಿ ಮಡಿವಾಳದ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ದೇಶದ ಮೂಲೆ ಮೂಲೆಗಳಿಂದ ಆರೋಪಿಗಳನ್ನು ಕರೆತರುತ್ತಿದ್ದರು. ಸೋಡಿಯಂ ಪೆಂಟೋಥಾಲ್ ಚುಚ್ಚಿ, ಅರೆ ಎಚ್ಚರದಲ್ಲಿರುವವನನ್ನು ಪ್ರಶ್ನಿಸಿ, ಅವನು ತೊದಲಿದ್ದನ್ನು ಬರೆದುಕೊಳ್ಳಲಾಗುತ್ತಿತ್ತು. ಮಂಪರಿನಲ್ಲಿ ಅವರು ಹೇಳಿದರೆನ್ನಲಾದ ಮಾತುಗಳು ವಾರಗಟ್ಟಲೆ ಸುದ್ದಿಯಾದವು. ಆದರೆ ಆ ಸ್ಥಿತಿಯಲ್ಲಿರುವ ಮನುಷ್ಯ ನೆನಪನ್ನೂ ಹೇಳಬಲ್ಲ, ಪ್ರಶ್ನೆ ಕೇಳಿದವರು ಹೊಳೆಯಿಸಿದ್ದನ್ನೂ ಹೇಳಬಲ್ಲ, ಭಯಪಟ್ಟದ್ದನ್ನೂ ಹೇಳಬಲ್ಲ. ಯಾವುದು ಯಾವುದೆಂದು ವಿಂಗಡಿಸುವ ಉಪಾಯ ಯಾರ ಬಳಿಯೂ ಇಲ್ಲ. 2010ರ ಮೇ 5ರಂದು ಸುಪ್ರೀಂ ಕೋರ್ಟ್, ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದ ತೀರ್ಪಿನಲ್ಲಿ, ಒಪ್ಪಿಗೆಯಿಲ್ಲದೆ ಮಾಡುವ ಮಂಪರು ಪರೀಕ್ಷೆ, ಸುಳ್ಳು ಪತ್ತೆ ಪರೀಕ್ಷೆ ಮತ್ತು ಮೆದುಳಿನ ಪರೀಕ್ಷೆಗಳು ಆರೋಪಿಯನ್ನು ತನ್ನ ವಿರುದ್ಧ ತಾನೇ ಸಾಕ್ಷಿಯಾಗುವಂತೆ ಒತ್ತಾಯಿಸಬಾರದೆನ್ನುವ ಸಂವಿಧಾನದ 20(3) ಮತ್ತು ಬದುಕು, ಸ್ವಾತಂತ್ರ್ಯಗಳನ್ನು ಕಾಯುವ 21ನೇ ವಿಧಿಗಳಿಗೆ ವಿರುದ್ಧವೆಂದು ಹೇಳಿತು. ತಲ್ವಾರ್ ದಂಪತಿಯನ್ನೂ ಆ ಬಗೆಯ ಪರೀಕ್ಷೆಗಳಿಗೆ ಒಳಪಡಿಸಲಾಗಿತ್ತು, ಅವುಗಳಿಂದ ಅವರ ವಿರುದ್ಧ ಏನೂ ಹೊರಡಲಿಲ್ಲ. ಅದನ್ನು ಅವರ ನಿರ್ದೋಷಿತ್ವಕ್ಕೆ ಪುರಾವೆಯೆಂದು ಎತ್ತಿ ಹಿಡಿಯುವುದನ್ನೂ ನಾನು ಒಪ್ಪುವುದಿಲ್ಲ. ಬಡವನ ಬಾಯಿಂದ ಬಂದದ್ದು ತೂಕವಿಲ್ಲದ್ದಾದರೆ ದಂತವೈದ್ಯರ ಬಾಯಿಂದ ಬಾರದ್ದಕ್ಕೂ ತೂಕವಿಲ್ಲ.

ಅಳಲಿಲ್ಲವಂತೆ

"ಆ ತಾಯಿ ಟೀವಿಯಲ್ಲಿ ಮಾತಾಡುವಾಗ ಕಣ್ಣಲ್ಲಿ ಒಂದು ಹನಿ ನೀರು ಬರಲಿಲ್ಲ" ಎಂಬ ಮಾತನ್ನು ನಾನು ಎಷ್ಟು ಜನರಿಂದ ಕೇಳಿದ್ದೇನೋ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬ ಗಾದೆಯಲ್ಲಿರುವ ನಂಬಿಕೆ ನಮ್ಮೊಳಗೆ ಬಹಳ ಆಳವಾಗಿದೆ: ತಪ್ಪು ಮಾಡಿದವನ ಮೈ ತಾನೇ ಹೇಳಿಕೊಡುತ್ತದೆ ಎಂಬ ನಂಬಿಕೆ. ಕಳ್ಳನೆಂದು ಎಲ್ಲರೆದುರು ಕೂಗಿದಾಗ ಕದಿಯದವನೂ ಹೆಗಲು ಮುಟ್ಟಿಕೊಳ್ಳಬಹುದು, ತನ್ನ ಮೇಲೆ ಏನಿದೆಯೋ ಎಂಬ ಗಾಬರಿಯಿಂದ. ಅತ್ತರೆ ನಾಟಕ, ಅಳದಿದ್ದರೆ ಕಲ್ಲು ಹೃದಯ. ಯಾವ ನಡವಳಿಕೆಯನ್ನು ತೋರಿಸಿದರೂ ಅಪರಾಧದ ಕಡೆಗೇ ವಾಲುವುದಾದರೆ, ಅದು ಸಾಕ್ಷ್ಯವೇ ಅಲ್ಲ.

ಆಸ್ಟ್ರೇಲಿಯಾದ ಲಿಂಡಿ ಚೇಂಬರ್ಲೇನ್ ಅವರಿಗೆ ಆದದ್ದು ಇದೇ. 1980ರ ಆಗಸ್ಟ್ 17ರ ರಾತ್ರಿ ಉಲೂರು ಬಂಡೆಯ ಬಳಿಯ ಡೇರೆಯಿಂದ ಅವರ ಒಂಬತ್ತು ವಾರದ ಮಗು ಅಜಾರಿಯಾ ಕಾಣೆಯಾಯಿತು. ಡಿಂಗೊ ಎಂಬ ಕಾಡುನಾಯಿ ಎತ್ತಿಕೊಂಡು ಹೋಯಿತೆಂದು ತಾಯಿ ಕೂಗಿ ಹೇಳಿದರೂ, ಕ್ಯಾಮೆರಾಗಳ ಮುಂದೆ ಅವರು ತೋರಿದ ಸಂಯಮವೇ ಜನರ ಕಣ್ಣಿಗೆ ಅಪರಾಧವಾಯಿತು. ಕಾರಿನಲ್ಲಿ ಮಗುವಿನ ರಕ್ತ ಚಿಮ್ಮಿದ ಕಲೆ ಇದೆಯೆಂದು ವಿಧಿವಿಜ್ಞಾನ ತಜ್ಞರು ಸಾಕ್ಷಿ ಹೇಳಿದರು. 1982ರಲ್ಲಿ ಅವರಿಗೆ ಜೀವಾವಧಿ ಶಿಕ್ಷೆಯಾಯಿತು. ಆ ಕಲೆ ಕಾರು ತಯಾರಿಸುವಾಗ ಸದ್ದು ತಗ್ಗಿಸಲು ಬಳಿದ ಅಂಟಿನದೆಂದು ಗೊತ್ತಾದದ್ದು ಆಮೇಲೆ. 1986ರಲ್ಲಿ ಡಿಂಗೊಗಳ ಬಿಲಗಳಿರುವ ಜಾಗದ ಹತ್ತಿರ ಮಗುವಿನ ಅಂಗಿ ಸಿಕ್ಕಿತು, ತಾಯಿ ಹೊರಬಂದರು, 1988ರಲ್ಲಿ ತೀರ್ಪು ರದ್ದಾಯಿತು, ಡಿಂಗೊ ದಾಳಿಯೇ ಸಾವಿಗೆ ಕಾರಣವೆಂದು ಮರಣ ವಿಚಾರಣಾಧಿಕಾರಿ ಬರೆದದ್ದು 2012ರಲ್ಲಿ. ಆ ಪ್ರಕರಣದಲ್ಲಿ ಕೊನೆಗೆ ಒಂದು ಅಂಗಿ ಸಿಕ್ಕಿತು. ನೊಯ್ಡಾದಲ್ಲಿ ಹಾಗೆ ಏನಾದರೂ ಸಿಕ್ಕುತ್ತದೆಂದು ನಾನು ನಂಬಿಲ್ಲ.

ಬೀಗ ಒಡೆಯದ ದಿನ

ನಂಬದಿರುವುದಕ್ಕೆ ಕಾರಣ 2008ರ ಮೇ 16ರ ಹಗಲು. ಆ ದಿನ ಫ್ಲ್ಯಾಟಿನ ತುಂಬ ಬಂಧುಗಳು, ನೆರೆಯವರು, ಪತ್ರಕರ್ತರು ಓಡಾಡಿದರು. ತಾರಸಿಯ ಬಾಗಿಲ ಬಳಿ ರಕ್ತದ ಕಲೆಯಿದೆ ಎಂದು ಬಂದವರು ತೋರಿಸಿದರೂ, ಬೀಗದ ಕೈ ಸಿಗಲಿಲ್ಲವೆಂದು ಪೊಲೀಸರು ಆ ಬಾಗಿಲನ್ನು ತೆರೆಯಲಿಲ್ಲ. ಕಾಣೆಯಾದ ಕೆಲಸದವನೇ ಕೊಲೆಗಾರನೆಂದು ಘೋಷಿಸಿ ಅವನನ್ನು ಹಿಡಿದುಕೊಟ್ಟವರಿಗೆ ಬಹುಮಾನ ಸಾರಿದರು. ಮೇ ತಿಂಗಳ ಉತ್ತರ ಭಾರತದ ಬಿಸಿಲಿನಲ್ಲಿ ಅವನ ಶವ ಇಡೀ ದಿನ ಅವರ ತಲೆಯ ಮೇಲೆಯೇ ಬಿದ್ದಿತ್ತು. ಬಾಗಿಲು ತೆರೆದದ್ದು ಮರುದಿನ. ಅಂದು ಕಳೆದುಹೋದದ್ದನ್ನು ಆಮೇಲಿನ ಯಾವ ತಂಡವೂ, ಯಾವ ಪ್ರಯೋಗಾಲಯವೂ ಮರಳಿ ತರಲಾಗಲಿಲ್ಲ. ಆ ಕೊರತೆಯನ್ನು ತುಂಬಲು ಒಬ್ಬರಾದ ಮೇಲೆ ಒಬ್ಬರು ಕಥೆಗಳನ್ನು ತಂದರು, ಅದರಲ್ಲಿ ಸತ್ತ ಹುಡುಗಿಯ ನಡತೆಯನ್ನು ಪತ್ರಿಕಾಗೋಷ್ಠಿಯಲ್ಲಿ ಎಳೆದಾಡಿದ ಕಥೆಯೂ ಸೇರಿತ್ತು. ಆ ಗೋಷ್ಠಿ ನಡೆಸಿದ ಹಿರಿಯ ಅಧಿಕಾರಿಗೆ ಅವಳ ಹೆಸರನ್ನು ಸರಿಯಾಗಿ ಹೇಳಲೂ ಬರಲಿಲ್ಲ.

ಖುಲಾಸೆಯ ವಿರುದ್ಧ ಸಿಬಿಐ ಸುಪ್ರೀಂ ಕೋರ್ಟಿಗೆ ಹೋಯಿತು. ಅದಕ್ಕೂ ಮೊದಲು ಹೋದವರು ಹೇಮರಾಜನ ಪತ್ನಿ. 2018ರಲ್ಲಿ ಆ ಮೇಲ್ಮನವಿಗಳನ್ನು ನ್ಯಾಯಾಲಯ ಅಂಗೀಕರಿಸಿತು. ಆ ಹೆಣ್ಣುಮಗಳ ಅರ್ಜಿಯ ಬಗ್ಗೆ ನಾನು ಬಹಳ ಯೋಚಿಸಿದ್ದೇನೆ. ಗಂಡ ಮೊದಲು ಕೊಲೆಗಾರನೆನಿಸಿಕೊಂಡ, ಮರುದಿನ ಹೆಣವಾಗಿ ಸಿಕ್ಕ, ಆಮೇಲೆ ಹೇಳಬಾರದ ಆರೋಪಗಳಿಗೆ ಗುರಿಯಾದ, ಕೊನೆಗೆ ಅವನನ್ನು ಯಾರೂ ಕೊಂದಿಲ್ಲ ಎಂಬಂತೆ ಕಡತ ಮುಚ್ಚಿತು. ಹೈಕೋರ್ಟಿನ ತೀರ್ಪು ಸರಿಯೆಂದು ಹೇಳುವ ನನ್ನಂಥವರ ಮಾತು ಆಕೆಯ ಕಿವಿಗೆ ಹೇಗೆ ಕೇಳಿಸುತ್ತದೆಂಬುದನ್ನು ಊಹಿಸಬಲ್ಲೆ. ಆಕೆಗೆ ಒಂದು ಉತ್ತರ ಸಲ್ಲಬೇಕು, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಆ ಉತ್ತರವನ್ನು ಆಕೆಗೆ ಕೊಡಬೇಕಾದವರು ಸಾಬೀತಾಗದ ಕೊಲೆಯ ಹೆಸರಿನಲ್ಲಿ ದಾಸ್ನಾ ಜೈಲಿನಲ್ಲಿ ನಾಲ್ಕು ವರ್ಷ ಕಳೆದ ಇಬ್ಬರಲ್ಲ, ಮಂಪರಿನಲ್ಲಿ ತೊದಲಿಸಿದ ಮೂವರೂ ಅಲ್ಲ. ತಾರಸಿಯ ಬೀಗದ ಮುಂದೆ ನಿಂತು, ರಕ್ತದ ಕಲೆಯನ್ನು ಕಂಡು, ಕೈ ಸಿಗಲಿಲ್ಲವೆಂದು ಮೆಟ್ಟಿಲಿಳಿದು ಹೋದವರು.